ಚನ್ನಗಿರಿ ಪ್ರಶ್ನೆಗೆ ಜಗಳೂರಿನ ಉತ್ತರ

ನಲವತ್ತು ಪ್ರಶ್ನೆ. ಒಂದೊಂದಕ್ಕೂ ಎ, ಬಿ, ಸಿ, ಡಿ ಅಂತ ನಾಲ್ಕು ಆಯ್ಕೆ. ಏನೂ ಓದದೆ, ಕಣ್ಣು ಮುಚ್ಚಿಕೊಂಡು ಟಿಕ್ ಹಾಕುತ್ತಾ ಹೋದರೆ ಎಷ್ಟು ಸರಿಯಾಗಬಹುದು ಹೇಳಿ?

ಸುಮಾರು ಹತ್ತು. ಇದು ನನ್ನ ಲೆಕ್ಕವಲ್ಲ, ನಮ್ಮ ಶಾಲೆಯ ಗಣಿತದ ಮೇಷ್ಟ್ರದ್ದು. (ನಾನು ಕನ್ನಡ ಮೇಷ್ಟ್ರು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಗಣಿತಕ್ಕೆ ಬಂದದ್ದು ಮೂವತ್ತೈದು. ಅದನ್ನೂ ಯಾರೋ ಪುಣ್ಯಾತ್ಮರು ಎತ್ತಿ ಕೊಟ್ಟದ್ದು ಅಂತ ನನಗೆ ಈಗಲೂ ಅನುಮಾನ.)

ನನ್ನ ಮಗಳು ಸ್ಪಂದನಾಗೆ ಬಂದದ್ದೂ ಹತ್ತೇ.

ಅವಳು ಎಂಟನೇ ಕ್ಲಾಸು. ಒಂಬತ್ತಕ್ಕೆ ಒಂದು ವಸತಿ ಶಾಲೆ ಸೇರಬೇಕು ಅನ್ನೋದು ಅವಳದೇ ಆಸೆ. ನಾವ್ಯಾರೂ ತಲೆಗೆ ತುಂಬಿದ್ದಲ್ಲ. ಅದಕ್ಕೊಂದು ಪ್ರವೇಶ ಪರೀಕ್ಷೆ, ಪೂರ್ತಿ ಗಣಿತ ಮತ್ತು ರೀಸನಿಂಗ್. ಹುಡುಗಿಗೆ ಲೆಕ್ಕ ಅಂದರೆ ಪ್ರಾಣ. ಹೊನ್ನಾಳಿಯಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗುವಾಗಲೂ ಎದುರು ಬರೋ ಗಾಡಿಗಳ ನಂಬರ್ ಕೂಡಿಸಿಕೊಂಡು ಕೂರುವವಳು. ಅಂಥವಳಿಗೆ ನಲವತ್ತಕ್ಕೆ ಹತ್ತಾ?

ಪ್ರಾಕ್ಟೀಸಿಗೆ ಅಂತ ಕೊಟ್ಟ ಮೊದಲ ಸೆಟ್ಟಿಗೆ ಹತ್ತು. ಎರಡನೇದಕ್ಕೆ ಒಂಬತ್ತು. ಮೂರನೇದಕ್ಕೆ ಹನ್ನೊಂದು. ನಾಲ್ಕನೇದಕ್ಕೆ ಮತ್ತೆ ಹತ್ತು.

"ಕಣ್ಣು ಮುಚ್ಚಿ ಟಿಕ್ ಹಾಕಿದ್ರೂ ಹತ್ತು ಬರುತ್ತಲ್ಲೇ! ಮತ್ಯಾಕೆ ಕಣ್ಣು ಬಿಟ್ಕೊಂಡು ಕೂರ್ತೀಯ?" ಅಂದೆ.

ಅಂದೆ ಅಂತ ಮೆಲ್ಲಗೆ ಬರೆಯುತ್ತಿದ್ದೇನೆ. ಕೂಗಿದೆ. ಪಕ್ಕದ ಮನೆಯವರು ಟೀವಿ ಸೌಂಡ್ ಕಡಿಮೆ ಮಾಡಿ ಕೇಳಿಸಿಕೊಂಡರು.

ಈಗ ಆ ಸೆಟ್ಟುಗಳ ವಿಷಯ ಹೇಳಿಬಿಡಬೇಕು. ನಾವು ನಾಲ್ವರು ಬಿ.ಇಡಿ. ಓದುವಾಗಿನ ಗೆಳೆಯರು. ನಾನು ಹೊನ್ನಾಳಿ, ನಾಗರಾಜ ಚನ್ನಗಿರಿ, ರೇಣುಕಾ ಮೇಡಂ ನ್ಯಾಮತಿ, ತಿಪ್ಪೇಸ್ವಾಮಿ ಜಗಳೂರು. ನಾಲ್ವರೂ ಭಾಷೆ, ಸಮಾಜ ಹೇಳಿಕೊಡೋ ಜನ. ನಾಲ್ಕು ಮನೆಯಲ್ಲೂ ಎಂಟನೇ ಕ್ಲಾಸಿನ ಒಂದೊಂದು ಮಗು. ಸರಿ, ಒಂದು ಪ್ಲಾನ್ ಮಾಡಿದೆವು. ಒಬ್ಬೊಬ್ಬರೂ ತಮ್ಮ ಶಾಲೆಯ ಗಣಿತ ಮೇಷ್ಟ್ರ ಕೈಕಾಲು ಹಿಡಿದು ಒಂದೊಂದು ಪ್ರಶ್ನೆಪತ್ರಿಕೆ, ಅದರ ಕೀ ಆನ್ಸರ್ ಮಾಡಿಸೋದು. ನಾಲ್ಕನ್ನೂ ಒಟ್ಟು ಮಾಡಿ ಝೆರಾಕ್ಸ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ, ನಾಲ್ಕು ಊರಿಗೂ ಕಳಿಸೋ ಜವಾಬ್ದಾರಿ ಯಾರದು? ಅಕ್ಷರ ಚೆನ್ನಾಗಿರೋರದು. ಅಂದರೆ ನಂದು.

ಅಂದಿನಿಂದ ನಮ್ಮ ವಾಟ್ಸಪ್ ಗ್ರೂಪಿನಲ್ಲಿ ಬರೀ ಇದೇ ಮಾತು.

"ಹೆಂಗೆ ನಡೆದೈತೆ ಪ್ರಾಕ್ಟೀಸು?" ನಾಗರಾಜ.

"ಪರವಾಗಿಲ್ಲ, ಪಿಕಪ್ ಆಗ್ತಾ ಐತೆ." ತಿಪ್ಪೇಸ್ವಾಮಿ.

ರೇಣುಕಾ ಮೇಡಂ ಒಂದು ಹೆಬ್ಬೆಟ್ಟು ಒತ್ತಿದರು.

ನಾನು ಏನು ಬರೆದೆ? "ಮೂವತ್ತರ ಹತ್ತಿರ ಬರ್ತಿದಾಳೆ." ಬರೆದು ಫೋನ್ ಮಗುಚಿ ಇಟ್ಟೆ. ಸುಳ್ಳು ಹೇಳಿದ್ದಕ್ಕೆ ಬೇಜಾರಾಗಲಿಲ್ಲ ಕಣ್ರಿ. ಅವರ ಮಕ್ಕಳಿಗೆಲ್ಲ ಚೆನ್ನಾಗಿ ಬರುತ್ತಿದೆಯಲ್ಲ ಅಂತ ಹೊಟ್ಟೆ ಉರಿಯಿತು.

ಒಂದು ಶನಿವಾರ ನನ್ನ ಹೆಂಡತಿ ಸುಮ ಕಾಫಿ ಲೋಟ ಟೇಬಲ್ ಮೇಲೆ ಕುಕ್ಕಿದಳು.

"ರೀ, ಅವಳು ಪರೀಕ್ಷೆ ಬರೆಯಲ್ವಂತೆ. ಹಾಲ್ ಟಿಕೆಟ್ ತೆಗೆಸಬೇಡ ಅಂತಿದಾಳೆ. ನನಗೆ ಗಣಿತ ಬರಲ್ಲಮ್ಮ, ಇಷ್ಟು ದಿನ ಬರುತ್ತೆ ಅಂದ್ಕೊಂಡಿದ್ದೆ ಅಂತ ಅಳ್ತಾಳೆ. ಏನು ಮಾಡಿಟ್ರಿ ನೀವು?"

ಪರೀಕ್ಷೆಗೆ ಎಂಟೇ ದಿನ. ಆದರೆ ಅಪ್ಪ ಅನ್ನೋ ಪ್ರಾಣಿ ಸೋಲು ಒಪ್ಪುತ್ತದೆಯೇ? "ಎಲ್ಲ ಸೋಮಾರಿತನ. ಇನ್ನೂ ಜಾಸ್ತಿ ಪ್ರಾಕ್ಟೀಸ್ ಮಾಡಿಸಬೇಕು" ಅಂದೆ.

ಹಾಗಾಗಿ ಮರುದಿನ ಬೆಳಿಗ್ಗೆ ಸುಮಳ ಬ್ಲೌಸ್ ತರಲು ಟೈಲರ್ ಹಸೀನಾ ಅವರ ಅಂಗಡಿಗೆ ಹೋಗುವಾಗಲೂ ಮಗಳನ್ನೂ, ಬಗಲಲ್ಲಿ ಆ ಸ್ಪೈರಲ್ ಪುಸ್ತಕವನ್ನೂ ಎಳೆದುಕೊಂಡು ಹೋದೆ. ಕಾಯೋ ಹೊತ್ತು ಯಾಕೆ ವೇಸ್ಟ್ ಆಗಬೇಕು?

ಹಸೀನಾ ನಮ್ಮ ಬೀದಿಯ ತುದಿಯಲ್ಲೇ ಇಪ್ಪತ್ತು ವರ್ಷದಿಂದ ಹೊಲಿಯುತ್ತಿರುವವರು. "ಬರ್ರಿ ಸರ್, ಕೂತ್ಕಳ್ರಿ. ಹುಕ್ಸ್ ಹಚ್ಚೋದೊಂದು ಬಾಕಿ ಐತೆ" ಅಂದರು. ಆಮೇಲೆ ಮಗಳನ್ನು ನೋಡಿ, "ಏನವ್ವ ಸ್ಪಂದು, ಮುಖ ಯಾಕೆ ಹಂಗೆ ಮಾಡ್ಕಂಡೀಯ?"

ಅವಳ ಬದಲು ನಾನು ಮಾತಾಡಿದೆ. ಚನ್ನಗಿರಿ ಸೆಟ್ ತೆರೆದು, ತಪ್ಪಾಗಿದ್ದ ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟು ಜೋರಾಗಿ ಓದಿದೆ. "ಒಂದು ಕಾಗದವನ್ನು ಮೂರು ಸಲ ಅರ್ಧರ್ಧ ಮಡಚಿ, ನಡುವೆ ಒಂದು ತೂತು ಮಾಡಿದರೆ, ಬಿಚ್ಚಿದಾಗ ಎಷ್ಟು ತೂತು? ಇವಳು ಎಂಟು ಅಂತ ಬರ್ದಿದಾಳೆ. ಕೀ ಆನ್ಸರ್ ಆರು ಅಂತಿದೆ. ಮೂರು ಮಡಿಕೆ, ಒಂದೊಂದು ಮಡಿಕೆಗೆ ಎರಡು ಕಡೆ, ಮೂರೆರಡಲ ಆರು. ಇಷ್ಟೂ ತಿಳಿಯಲ್ವಾ?"

(ಆ ವಿವರಣೆ ಎಲ್ಲಿಂದ ಬಂತು ಅಂತ ಕೇಳಬೇಡಿ. ಉತ್ತರ ಮೊದಲು ಗೊತ್ತಿದ್ದರೆ ಕಾರಣ ಹುಟ್ಟಿಸೋದು ಮೇಷ್ಟ್ರಿಗೆ ಎಷ್ಟೊತ್ತಿನ ಕೆಲಸ?)

ಹಸೀನಾ ಸೂಜಿ ನಿಲ್ಲಿಸಿದರು. "ಆರಾ? ಹೆಂಗಾಗುತ್ರೀ ಆರು?"

"ಪುಸ್ತಕದಲ್ಲಿ ಇದೆಯಲ್ಲ."

"ಪುಸ್ತಕದಾಗೆ ಇರ್ಲಿ ಸರ್. ನಾನು ದಿನಾ ಬಟ್ಟೆ ಮಡಚಿ ಕತ್ತರಿಸೋಳು."

ಅಳತೆಯ ನಮೂನೆ ಕತ್ತರಿಸಲು ಇಟ್ಟಿದ್ದ ಹಳೇ ಪೇಪರ್ ಒಂದನ್ನು ಎಳೆದುಕೊಂಡರು. ಒಂದು ಮಡಿಕೆ, ಎರಡು ಮಡಿಕೆ, ಮೂರು. ಕತ್ತರಿಯ ತುದಿಯನ್ನು ನಡುವೆ ಚುಚ್ಚಿ ತಿರುಗಿಸಿದರು. ಬಿಚ್ಚಿ ನನ್ನ ಮುಂದೆ ಹರವಿದರು.

ಎಣಿಸಿದೆ. ಎಂಟು. ಮತ್ತೆ ಎಣಿಸಿದೆ. ಎಂಟೇ.

"ಪ್ರಿಂಟ್ ಮಿಸ್ಟೇಕ್ ಇರ್ಬೇಕು" ಅಂದೆ. ಮಗಳು ಮೊದಲ ಸಲ ತಲೆ ಎತ್ತಿದಳು.

"ಆಂಟಿ, ಇದೊಂದು ನೋಡ್ರಿ" ಅಂತ ಪುಟ ತಿರುಗಿಸಿದಳು. "ಕನ್ನಡಿಯಲ್ಲಿ ಗಡಿಯಾರ ಮೂರು ಇಪ್ಪತ್ತು ತೋರಿಸುತ್ತಿದ್ದರೆ ನಿಜವಾದ ಸಮಯ ಎಷ್ಟು? ನಾನು ಎಂಟು ನಲವತ್ತು ಹಾಕಿದ್ದೆ. ಅಪ್ಪಾಜಿ ಒಂಬತ್ತು ನಲವತ್ತು ಅಂದ್ರು."

ಟೈಲರ್ ಅಂಗಡಿಯಲ್ಲಿ ಆಳೆತ್ತರದ ಕನ್ನಡಿ ಇದ್ದೇ ಇರುತ್ತೆ. ಹಸೀನಾ ಸ್ಟೂಲ್ ಹತ್ತಿ ಗೋಡೆ ಗಡಿಯಾರ ಇಳಿಸಿದರು, ಹಿಂದಿನ ತಿರುಪು ತಿರುಗಿಸಿ ಎಂಟು ನಲವತ್ತಕ್ಕೆ ಇಟ್ಟು ಕನ್ನಡಿ ಮುಂದೆ ಹಿಡಿದರು. ಕನ್ನಡಿಯೊಳಗೆ ಮೂರು ಇಪ್ಪತ್ತು. ಚೂರೂ ಆಚೆ ಈಚೆ ಇಲ್ಲ.

ಬ್ಲೌಸ್ ಕೇಳಲು ಬಂದಿದ್ದ ಇನ್ನೊಬ್ಬ ಹೆಂಗಸೂ ಬಗ್ಗಿ ನೋಡಿದರು.

ಮೂರನೇದನ್ನು ನಾನೇ ಓದಿದೆ. ಆರು ಜನ ಒಂದು ಗದ್ದೆ ನಾಟಿಯನ್ನು ಎಂಟು ದಿನದಲ್ಲಿ ಮುಗಿಸಿದರೆ, ಹನ್ನೆರಡು ಜನಕ್ಕೆ ಎಷ್ಟು ದಿನ? ಮಗಳ ಉತ್ತರ ನಾಲ್ಕು. ಕೀ ಆನ್ಸರ್ ಡಿ, ಅಂದರೆ ಹದಿನಾರು.

"ಹದಿನಾರಾ!" ಹಸೀನಾ ನಕ್ಕುಬಿಟ್ಟರು. "ಹನ್ನೆರಡು ಜನ ಸೇರಿದ್ರೆ ಮಾತು ಜಾಸ್ತಿ ಆಗುತ್ತೆ ಸರ್, ಒಪ್ಪಿದೆ. ಆದ್ರೂ ಹದಿನಾರು ದಿನ ಮಾತಾಡಾಕೆ ಆಗುತ್ತಾ?"

ಇದು ನನಗೂ ಬರುವ ಲೆಕ್ಕ ಸ್ವಾಮಿ. ಹೊನ್ನಾಳಿಯಲ್ಲಿ ಹುಟ್ಟಿ ನಾಟಿ ಲೆಕ್ಕ ಬರದಿದ್ದರೆ ಹೇಗೆ? ಹಾಗಾದರೆ ಮೂರು ವಾರದಿಂದ ನನಗೆ ಇದು ಯಾಕೆ ಕಾಣಲಿಲ್ಲ? ಯಾಕೆಂದರೆ ನಾನು ಪ್ರಶ್ನೆ ಓದಿಯೇ ಇರಲಿಲ್ಲ. ಇವಳು ಎ ಹಾಕಿದ್ದಾಳಾ, ಕೀ ಆನ್ಸರ್ ಡಿ ಇದೆಯಾ, ಕೆಂಪು ಪೆನ್ನಲ್ಲಿ ಅಡ್ಡ ಗೀಟು. ಮುಂದಿನದು. ಇಷ್ಟು ವರ್ಷ ಮೌಲ್ಯಮಾಪನ ಮಾಡಿ ಕೈಗೆ ಹತ್ತಿದ ಚಾಳಿ ಅದು.

ಅಲ್ಲೇ ಕೂತು ಜಗಳೂರಿನ ತಿಪ್ಪೇಸ್ವಾಮಿಗೆ ಫೋನ್ ಮಾಡಿದೆ. ಯಾಕೆ ಅವನಿಗೇ ಮಾಡಿದೆ ಅಂದರೆ, ನಾಗರಾಜ ಫೋನ್ ಎತ್ತಲಿಲ್ಲ, ಅಷ್ಟೇ.

"ತಿಪ್ಪೇಶಿ, ನೀನು ಕಳಿಸಿದ ಒರಿಜಿನಲ್ ಕೀ ಆನ್ಸರ್ ಹತ್ರ ಐತಾ? ಮೊದಲ ಹತ್ತು ಓದು."

"ಏನಾತಲೇ ಮಂಜ? ಓದ್ತೀನಿ ತಡಿ. ಬಿ, ಡಿ, ಡಿ, ಎ, ಸಿ..."

ನನ್ನ ಬೆರಳು ಪುಸ್ತಕದ ಕೊನೇ ಪುಟದ ಮೇಲೆ ಓಡುತ್ತಿತ್ತು. ಬಿ, ಡಿ, ಡಿ, ಎ, ಸಿ. ಹತ್ತಕ್ಕೆ ಹತ್ತೂ ಹೊಂದಿತು. ಆದರೆ ಅದರ ಮೇಲೆ ಬರೆದಿದ್ದದ್ದು "ಜಗಳೂರು" ಅಂತ ಅಲ್ಲ. "ಚನ್ನಗಿರಿ" ಅಂತ. ನನ್ನದೇ ಮುದ್ದಾದ ಅಕ್ಷರದಲ್ಲಿ.

ಆಗಿದ್ದೇನು ಗೊತ್ತಾ? ಪುಟ ಉಳಿಯಲಿ ಅಂತ ನಾಲ್ಕು ಕೀ ಆನ್ಸರನ್ನೂ ಚಿಕ್ಕದು ಮಾಡಿ ಒಂದೇ ಪುಟಕ್ಕೆ ತೆಗೆಸಿದ್ದೆ. ತಲೆಬರಹಗಳು ಕತ್ತರಿಸಿ ಹೋದವು. ಹೋಗಲಿ ಬಿಡು, ನಾನೇ ಬರೆದರಾಯಿತು ಅಂತ ಮೇಲಿಂದ ಕೆಳಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಸಾಲಾಗಿ ಬರೆದೆ. ಆದರೆ ಹಾಳೆ ಜೋಡಿಸುವಾಗ ಒಂದರ ಮೇಲೊಂದು ಇಟ್ಟಿದ್ದೆನಲ್ಲ, ಮೊದಲು ಇಟ್ಟ ಚನ್ನಗಿರಿ ಅಡಿಗೆ ಹೋಗಿತ್ತು, ಕೊನೆಗೆ ಇಟ್ಟ ಜಗಳೂರು ಮೇಲೆ ಬಂದಿತ್ತು, ಝೆರಾಕ್ಸಿನವನು ಅದೇ ಕ್ರಮದಲ್ಲಿ ತೆಗೆದಿದ್ದ. ಚನ್ನಗಿರಿ ಪ್ರಶ್ನೆಗೆ ಜಗಳೂರಿನ ಉತ್ತರ. ಹೊನ್ನಾಳಿಗೆ ನ್ಯಾಮತಿಯದು. ನಾಲ್ಕೂ ಉಲ್ಟಾ. ಇದಕ್ಕಿಂತ ಸುಲಭದ ರೀಸನಿಂಗ್ ಪ್ರಶ್ನೆ ಇಡೀ ಪುಸ್ತಕದಲ್ಲಿ ಇರಲಿಲ್ಲ.

ತಿಪ್ಪೇಸ್ವಾಮಿಗೆ ಹೇಳಿದೆ. ಅವನು ಮೆಲ್ಲಗೆ, "ಮಂಜ, ನಾಕು ದಿನದಿಂದ ನನ್ನ ಮಗನ ಹತ್ರ ಮಾತಾಡಿಲ್ಲ ಕಣಲೇ. ಎಂಟು ಬಂದಿತ್ತು ಅವಂಗೆ" ಅಂದ.

"ಪಿಕಪ್ ಆಗ್ತಾ ಐತೆ ಅಂದಿದ್ದೆ?"

"ನೀನು ಮೂವತ್ತು ಅಂದಿದ್ಯಲ್ಲ!"

ನಾಲ್ವರಲ್ಲಿ ಒಬ್ಬರಾದರೂ ಬಾಯಿಬಿಟ್ಟು "ನನ್ನ ಮಗುವಿಗೆ ಹತ್ತು ಬಂತು ಕಣ್ರಪ್ಪಾ, ಏನೋ ಸರಿಯಿಲ್ಲ" ಅಂದಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಮರ್ಯಾದೆ ನಮ್ಮದು, ಬೈಗುಳ ಮಕ್ಕಳದು. ಇದ್ಯಾವ ನ್ಯಾಯ?

ಹಸೀನಾ ಬಟ್ಟೆ ಕತ್ತರಿಸುವ ಮೇಜು ಖಾಲಿ ಮಾಡಿಕೊಟ್ಟರು. ಮಗಳೂ ನಾನೂ ಕೂತು ನಾಲ್ಕು ಸೆಟ್ಟನ್ನೂ ಮತ್ತೆ ತಿದ್ದಿದೆವು. ಮೊದಲನೆಯದಕ್ಕೆ ಮೂವತ್ನಾಲ್ಕು! ಅಯ್ಯೋ, ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು. ಕೂಗಿಯೂಬಿಟ್ಟೆ, ಈ ಸಲ ಖುಷಿಗೆ. ಹಸೀನಾ ಡಬ್ಬಿಯಿಂದ ಖರ್ಜೂರ ತೆಗೆದು ಅವಳ ಕೈಗಿಟ್ಟು, "ನನಗೆ ಗೊತ್ತಿತ್ತು ಬಿಡು" ಅಂದರು. ಮಗಳು ಖರ್ಜೂರ ಬಾಯಲ್ಲಿಟ್ಟುಕೊಂಡು ನಗುತ್ತಾ, ಅಳುತ್ತಾ ಕೂತಳು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ.

ಎರಡನೆಯದಕ್ಕೆ ಮೂವತ್ತೆರಡು. ಮೂರನೆಯದಕ್ಕೆ ಇಪ್ಪತ್ತೇಳು. ನಾಲ್ಕನೆಯದಕ್ಕೆ ಇಪ್ಪತ್ತಮೂರು.

ಇದೇನಿದು, ಪ್ರಾಕ್ಟೀಸ್ ಮಾಡಿದ ಹಾಗೆ ಇಳಿಯುತ್ತಿದೆ?

ಕೊನೆಯ ಸೆಟ್ಟಿನಲ್ಲಿ ಬಾವಿ ತೋಡುವ ಲೆಕ್ಕ ಒಂದಿತ್ತು. ಐದು ಜನಕ್ಕೆ ಆರು ದಿನ, ಹತ್ತು ಜನಕ್ಕೆ ಎಷ್ಟು? ಪಕ್ಕದಲ್ಲಿ ಪೆನ್ಸಿಲಿನಲ್ಲಿ ಮೂರು ಅಂತ ಬರೆದು, ಅದನ್ನು ಹೊಡೆದುಹಾಕಿ ಹನ್ನೆರಡು ಮಾಡಿದ್ದಳು.

"ಮೊದಲು ಸರಿ ಬರ್ದಿದ್ಯಲ್ಲ, ಯಾಕೆ ಹೊಡೆದೆ?"

"ನಾಟಿ ಲೆಕ್ಕದಲ್ಲಿ ನೀವು ಹದಿನಾರು ಅಂದಿದ್ರಿ ಅಪ್ಪಾಜಿ. ಗುಣಿಸಬೇಕೇನೋ ಅಂದ್ಕೊಂಡೆ."

ಬರುತ್ತಿದ್ದ ಲೆಕ್ಕವನ್ನು ಬರದ ಹಾಗೆ ಮಾಡೋದಕ್ಕೆ ಮೂರು ವಾರ ಕೋಚಿಂಗ್ ಕೊಟ್ಟಿದ್ದೆ. ಅಂಗಡಿಯಲ್ಲಿ ಎಲ್ಲರ ಎದುರಿಗೇ, "ತಪ್ಪು ನಂದು ಸ್ಪಂದು. ನಿನಗೆ ಚೆನ್ನಾಗಿ ಬರುತ್ತೆ. ಪರೀಕ್ಷೆ ಬರಿ" ಅಂದೆ. ಮಗಳ ಹತ್ತಿರ ತಪ್ಪೊಪ್ಪಿಕೊಂಡದ್ದು ಅದೇ ಮೊದಲು ಅನಿಸುತ್ತೆ.

ಅವಳು ಖರ್ಜೂರದ ಬೀಜ ಕೈಗೆ ಉಗಿದುಕೊಂಡು, "ಹಂಗಾದ್ರೆ ಹಾಲ್ ಟಿಕೆಟ್ ತೆಗೆಸ್ರಿ" ಅಂದಳು.

ಉಸ್ಸಪ್ಪಾ!

ಮನೆಗೆ ಬಂದು ಗ್ರೂಪಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ. ನಾಗರಾಜ ಹತ್ತು ನಿಮಿಷ ಬೈದ, ಆಮೇಲೆ ಥ್ಯಾಂಕ್ಸ್ ಅಂದ. ರೇಣುಕಾ ಮೇಡಂ ಮನೆಯಲ್ಲಿ ಆ ದಿನ ಪಾಯಸ ಮಾಡಿದರಂತೆ. (ಬ್ಲೌಸ್ ಮರೆತು ಬಂದಿದ್ದಕ್ಕೆ ಸುಮ ಬೈದಳು. ಅದನ್ನೂ ಖುಷಿಯಾಗಿಯೇ ಬೈದಳು.)

ಹೋದ ಭಾನುವಾರ ದಾವಣಗೆರೆಯಲ್ಲಿ ಪರೀಕ್ಷೆ ಮುಗಿಯಿತು. ಗೇಟಿನಿಂದ ಹೊರಗೆ ಬಂದವಳ ಮುಖ ನೋಡಿದೆ. ಬಿಸಿಲಿಗೆ ಕೆಂಪಾಗಿತ್ತು, ಆದರೆ ಗೆಲುವಾಗಿತ್ತು. ರಿಸಲ್ಟ್ ಏನೇ ಬರಲಿ, ನನಗೆ ಅಷ್ಟು ಸಾಕಾಗಿತ್ತು.

ಹೊನ್ನಾಳಿ ಬಸ್ಸಿನಲ್ಲಿ ಸೀಟು ಸಿಕ್ಕ ತಕ್ಷಣ ಹಳೇ ಚಾಳಿ. "ಎಲ್ಲಿ, ಕ್ವೆಶ್ಚನ್ ಪೇಪರ್ ಕೊಡು, ನೋಡೋಣ" ಅಂದು ಜೇಬಿನಿಂದ ಕೆಂಪು ಪೆನ್ನು ತೆಗೆದೆ.

ಅವಳು ಪೇಪರ್ ಕೊಟ್ಟಳು. ಪೆನ್ನು ಕಿತ್ತುಕೊಂಡು ಪೆನ್ಸಿಲ್ ಕೈಗಿಟ್ಟಳು.

"ಈ ಸಲ ನೀವು ಬಿಡಿಸ್ರಿ ಅಪ್ಪಾಜಿ. ನಾನು ತಿದ್ದುತೀನಿ."

"ಕೀ ಆನ್ಸರ್ ಇನ್ನೂ ಬಂದಿಲ್ಲವಲ್ಲೇ?"

"ನಾನು ಇದೀನಲ್ಲ."

ಬಸ್ಸಿನ ಕುಲುಕಾಟದಲ್ಲಿ ಬಿಡಿಸಿದೆ. ಬೆರಳು ಎಣಿಸಿದೆ, ಟಿಕೆಟ್ಟಿನ ಹಿಂದೆ ಗೀಚಿದೆ, ಎರಡು ಸಲ ಅವಳ ಕಡೆ ಕಳ್ಳನೋಟ ನೋಡಿದೆ. ಹೊನ್ನಾಳಿ ಇನ್ನೂ ದೂರ ಇರುವಾಗಲೇ ಮುಗಿಸಿ ಕೊಟ್ಟೆ. ಅವಳು ಒಂದೊಂದೇ ಓದಿ, ಒಂದೊಂದನ್ನೂ ಮನಸ್ಸಲ್ಲೇ ಮಾಡಿ ನೋಡಿ, ಆಮೇಲೆ ಕೆಂಪು ಗೀಟು ಎಳೆದಳು.

ನಲವತ್ತಕ್ಕೆ ಹನ್ನೊಂದು.

"ಪರವಾಗಿಲ್ಲ ಅಪ್ಪಾಜಿ, ಎಲ್ಲಿ ತಪ್ಪಾಯ್ತು ಅಂತ ಮನೇಲಿ ಕೂತು ನೋಡೋಣ" ಅಂದು ಪೇಪರ್ ಮಡಚಿ ಬ್ಯಾಗಿನೊಳಗೆ ಇಟ್ಟಳು.

ಹನ್ನೊಂದು ತೆಗೆದವರ ಹತ್ತಿರ ಹೀಗೂ ಮಾತಾಡಬಹುದು ಅಂತ ಇವಳಿಗೆ ಯಾರು ಕಲಿಸಿದರು? ನಾನಂತೂ ಅಲ್ಲ.