ಮೇಷ್ಟ್ರಿಗೆ ಬಯಲು, ನನಗೆ ಕಥೆ

ಮೊನ್ನೆ ಮೊಮ್ಮಗಳು ಕಾಲು ಉಳುಕಿಸಿಕೊಂಡು ಬಂದಳು. ನೀಲಗಿರಿ ಎಣ್ಣೆಯ ಸೀಸೆ ಹುಡುಕಿ ಮುಚ್ಚಳ ತಿರುವಿದೆ, ವಾಸನೆ ಮೂಗಿಗೆ ಬಡಿಯಿತು. ಕಾಲು ನೀವುವುದು ಬಿಟ್ಟು ಸೀಸೆ ಹಿಡಿದೇ ಕೂತುಬಿಟ್ಟೆ. ಪಕ್ಕದ ಮನೆಯ ಮೇಷ್ಟ್ರ ಕೋಣೆಯ ತುಂಬ ಇದೇ ವಾಸನೆ ಇರುತ್ತಿತ್ತು. ಅವರ ಕೈಕಾಲಿಗೆ ದಿನಾ ಈ ಎಣ್ಣೆ ತಿಕ್ಕುತ್ತಿದ್ದವಳು ನಾನೇ.

ಹರದನಹಳ್ಳಿಯಲ್ಲಿ ಅರಿಶಿನದ ಹೊಲದಲ್ಲಿ ಕೂಲಿ ಮಾಡಿಕೊಂಡಿದ್ದವಳು ನಾನು. ಮಂಡಿನೋವು ಬಂದು ಕೂಲಿ ಬಿಟ್ಟ ಮೇಲೆ ಗುಂಡ್ಲುಪೇಟೆಗೆ ಮಗಳ ಮನೆಗೆ ಬಂದೆ. ಪಕ್ಕದಲ್ಲಿ ಈ ಮೇಷ್ಟ್ರು. ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದರು, ವಯಸ್ಸು ನಲವತ್ತು ದಾಟಿರಲಿಲ್ಲ. ನರದ ಕಾಯಿಲೆ ಬಂತು. ಮೊದಲು ಬೆರಳು ಹೋಯಿತು, ಆಮೇಲೆ ಕಾಲು. ಮುಂದೆ ಮಾತೂ ಹೋಗುತ್ತದೆ, ಔಷಧಿ ಇಲ್ಲ ಎಂದು ಮೈಸೂರಿನ ಡಾಕ್ಟರು ಮುಖದ ಮೇಲೇ ಹೇಳಿ ಕಳಿಸಿದ್ದರು. ಅವರ ಹೆಂಡತಿಗೆ ಚಾಮರಾಜನಗರದ ಆಫೀಸಿನಲ್ಲಿ ಕೆಲಸ. ಬೆಳಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೇ. ಹಗಲು ಹೊತ್ತು ಒಬ್ಬರು ಬೇಕಿತ್ತು, ನಾನು ಹೋಗಿ ಕೂರತೊಡಗಿದೆ.

ಒಂದು ದಿನ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ ಮೇಷ್ಟ್ರು ಟಿ.ವಿ. ಕಡೆ ಗದ್ದದಲ್ಲೇ ತೋರಿಸಿದರು.

“ಅವ್ವ, ಅಲ್ಲಿ ಕರೀದೊಂದು ಬಿದ್ದದಲ್ಲ, ಅದ ಕೈಗೆ ತಕ್ಕಳಿ. ನನ್ ಕೈಯಿ ಸತ್ತೋಗದ. ನಿಮ್ ಕೈಲಿ ಆಡ್ಸಿ.”

“ನಂಗ್ಯಾಕ ಮೇಷ್ಟ್ರೇ ಅದೆಲ್ಲ? ನಾನೇನು ಐಕಳಾ?”

“ಕುಡ್ಲು ಇಡ್ದಿರೋ ಕೈ ಇದ ಇಡೀನಾರದಾ? ಇಡೀರಿ ಸುಮ್ಕ.”

ಹಿಡಿದೆ. ಟಿ.ವಿ.ಯಲ್ಲಿ ವಿಡಿಯೋ ಗೇಮ್ ಆಡಿಸುವ ಹಿಡಿ ಅದು. ಎರಡು ಹೆಬ್ಬೆರಳಿಗೂ ಒಂದೊಂದು ಅಲ್ಲಾಡುವ ಗುಬುಟು, ಸುತ್ತ ಒತ್ತುವ ಗುಂಡಿಗಳು. ಜಪಾನಿನವರು ಮಾಡಿದ ಕಥೆಯಾಟವಂತೆ. ಟಿ.ವಿ.ಯೊಳಗೆ ಮೋಟು ಕೂದಲಿನ ಒಬ್ಬಳು ಹುಡುಗಿ, ನಾನು ಒತ್ತಿದ ಕಡೆ ನಡೆಯುತ್ತಿದ್ದಳು. ಮೊದಲ ವಾರ ಬರೀ ಗೋಡೆಗೆ ಗುದ್ದಿಸಿದೆ. ಮೇಷ್ಟ್ರು ನಗುತ್ತಿದ್ದರು. ಆಗ ನಗುವುದಕ್ಕೆ ಆಗುತ್ತಿತ್ತು.

ಕಥೆ ಇಷ್ಟೇ. ಆ ಹುಡುಗಿಯ ಊರಿಗೆ ವೈರಿಗಳು ನುಗ್ಗಿ ಸುಟ್ಟುಬಿಟ್ಟಿದ್ದಾರೆ. ಊರ ಬಾಗಿಲನ್ನು ಒಳಗಿನಿಂದ ತೆಗೆದುಕೊಟ್ಟವನು ಅವಳ ಅಪ್ಪನೇ ಎಂದು ಜನ ಉಗಿಯುತ್ತಾರೆ. ಅವನನ್ನು ಬಡಗಣ ಕೋಟೆಯಲ್ಲಿ ಹಿಡಿದಿಟ್ಟಿದ್ದಾರೆ, ಬೆಳಗಾದರೆ ನೇಣು. ಅಷ್ಟರೊಳಗೆ ಇವಳು ಹೋಗಿ ಅವನನ್ನೇ ಕೇಳಬೇಕು, ನೀನೇ ತೆಗೆದೆಯಾ ಎಂದು. ಅಲ್ಲಿ ಆಡುವ ಮಾತೆಲ್ಲ ಜಪಾನಿ, ಕೆಳಗೆ ಬರುವ ಅಕ್ಷರ ಇಂಗ್ಲಿಷು. ನಾನು ಓದಿರುವುದು ನಾಲ್ಕನೇ ಕ್ಲಾಸು. ಮೇಷ್ಟ್ರು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಅವರು ಬಾಯಿ ತೆರೆಯದಿದ್ದರೆ ನನಗೆ ಕಥೆಯೇ ಇಲ್ಲ.

ಅವರಿಗೆ ಕಥೆ ಬೇಕಿರಲಿಲ್ಲ. “ಒಂದ್ಸಲ ನನ್ ಕೈಲೇ ಮುಗ್ಸಿವ್ನಿ ಕಣವ್ವ. ಈಗ ಸುಮ್ನ ಬಯಲಲ್ಲಿ ಅಡ್ಡಾಡ್ಸಿ, ಸಾಕು” ಎಂದು ಮೊದಲ ದಿನವೇ ಹೇಳಿದ್ದರು. ಆ ಆಟದಲ್ಲಿ ಬಯಲೂ ಇತ್ತು. ಬೆಟ್ಟ, ಹೊಳೆ, ಆಳುದ್ದದ ಹುಲ್ಲು, ಎಲ್ಲಿ ಬೇಕಾದರೂ ಹೋಗಬಹುದು. ಕಾಲಿದ್ದಾಗ ಭಾನುವಾರ ಬಂದರೆ ಬೈಕು ಹತ್ತಿ ಪುಣಜನೂರಿನ ಕಾಡುದಾರಿ ಹಿಡಿಯುತ್ತಿದ್ದ ಮನುಷ್ಯ ಅದು. ಈಗ ಆಟದಲ್ಲಿ ಹುಡುಗಿಯನ್ನು ಹೊಳೆಯ ಹತ್ತಿರ ನಿಲ್ಲಿಸಿ ಅನ್ನುತ್ತಿದ್ದರು, ಮೀನು ಹಿಡಿಸಿ ಅನ್ನುತ್ತಿದ್ದರು.

ನನಗೆ ರೇಗುತ್ತಿತ್ತು. “ಅಲ್ಲಿ ಅಪ್ಪನ್ಗ ನ್ಯಾಣ ಆಕ್ತಾವ್ರ, ಇವ್ಳು ಮೀನ್ ಇಡೀತಾ ಕುಂತವ್ಳಲ್ಲ ಮೇಷ್ಟ್ರೇ! ಎಂಥ ಮಗಳು ಇವ್ಳು?”

“ಬೆಳಗಾಗಲ್ಲ ಬುಡವ್ವ. ನಾವು ಕೋಟೆಗ ಓಗೋಗಂಟ ಅಲ್ಲಿ ಬೆಳಗೇ ಆಗಲ್ಲ.”

“ಅದೆಂಥ ಸುಳ್ಳು ಕಥೆ?”

ಆಗ ಅವರು ವಿವರಿಸಿದರು. ಮೊದಮೊದಲು ಇಂಥ ಆಟಗಳಲ್ಲಿ ಒಂದೇ ದಾರಿ ಇತ್ತಂತೆ, ನಮ್ಮ ಹೊಲದ ಬದುವಿನ ಹಾಗೆ. ಅತ್ತಿತ್ತ ಹೋಗುವ ಹಾಗಿಲ್ಲ, ಕಥೆ ಬಿಗಿಯಾಗಿ ನಿಲ್ಲುತ್ತಿತ್ತು. ಆಮೇಲೆ ಆಡುವವರಿಗೆ ಅಡ್ಡಾಡುವ ಆಸೆ ಬಂತು, ಮಾಡುವವರು ಬಯಲು ಬಿಟ್ಟುಕೊಟ್ಟರು. ಬಯಲು ಬಿಟ್ಟ ಮೇಲೆ ಕಥೆ ಕಾಯುತ್ತಾ ಕೂತಿರಬೇಕು. ಎರಡನ್ನೂ ಸಮ ತೂಗಿಸುವುದು ಈಗಲೂ ಅವರಿಗೆ ದೊಡ್ಡ ಕಷ್ಟವಂತೆ. “ಈ ಮನೇಲೂ ಅದೇ ಕಷ್ಟ ನೋಡಿ” ಎಂದು ನನ್ನ ಕಡೆ ನೋಡಿ ನಕ್ಕರು.

“ಕೊನೇಗ ಏನಾಯ್ತದ ಅಂತ ಈಗ್ಲೇ ಏಳ್ಬುಡಿ, ನಾನು ತಕರಾರೇ ಮಾಡಲ್ಲ” ಎಂದೆ.

“ಏಳುದ್ರ ನೀವು ಇದ ಕೈಲೇ ಇಡಿಯಲ್ಲ. ಏಳಲ್ಲ ಓಗಿ.”

ಕಳೆ ಕೀಳುವಾಗ ಒಂದು ಸಾಲು ಹಿಡಿದರೆ ಕೊನೆ ಮುಟ್ಟುವ ತನಕ ತಲೆ ಎತ್ತಬಾರದು, ನಾನು ಕಲಿತ ಕೆಲಸ ಅದು. ಇದನ್ನೂ ಹಾಗೇ ಹಿಡಿದೆ. ಅವರ ಮಾತು ಆಗಲೇ ತೊದಲುತ್ತಿತ್ತು. ಮಾತು ಇರುವಷ್ಟರೊಳಗೆ ಕಥೆ ಮುಗಿಸಿಬಿಡಬೇಕು ಎಂಬುದೊಂದೇ ನನ್ನ ತಲೆಯಲ್ಲಿ. “ಇಲ್ಲಿ ಒಸಿ ಸುತ್ತಿ ಓಗನ ಅವ್ವ” ಎಂದರೆ “ಆಮೇಲೆ ಮೇಷ್ಟ್ರೇ” ಎನ್ನುತ್ತಿದ್ದೆ. ನೆಟ್ಟಗೆ ಓಡಿಸಿದೆ. ಸಿಕ್ಕಸಿಕ್ಕವರ ಜೊತೆ ಮಾತಾಡಿಸಿದೆ, ಅವರು ಉಸಿರು ಕಟ್ಟಿಕೊಂಡು ಓದಿ ಹೇಳಿದರು. ಗುಟುಕು ನೀರು ಕುಡಿಸಿ ಮತ್ತೆ ಕೇಳುತ್ತಿದ್ದೆ, ಆಮೇಲೆ ಏನಂದಳು...

ಕೋಟೆ ಬಾಗಿಲಿಗೆ ಬಂದೆವು. ಅಲ್ಲಿ ಎಮ್ಮೆ ಗಾತ್ರದ ಒಂದು ಪ್ರಾಣಿ ಕಾವಲಿತ್ತು. ಎರಡೇ ಏಟಿಗೆ ಹುಡುಗಿಯನ್ನು ಕೆಡವಿತು. ಮತ್ತೆ ಹೋದೆ, ಮತ್ತೆ ಕೆಡವಿತು. ಒಂಬತ್ತು ಸಲ.

ಮೇಷ್ಟ್ರು ಒಂದೊಂದೇ ಮಾತು ಹೆಕ್ಕಿ ಹೇಳಿದರು. “ಇವ್ಳಿಗ... ಬಲ ಇಲ್ಲ ಕಣವ್ವ. ಬಯಲಲ್ಲಿ ಸುತ್ತಿ ಚಿಕ್ಕ ಪ್ರಾಣಿಗಳ ಒಡುದ್ರ... ಬಲ ಬತ್ತಿತ್ತು. ನಾನು ಏಳ್ದಿ. ನೀವು ಕೇಳ್ನಿಲ್ಲ.”

ಹೇಳಿದ್ದು ನಿಜ. ಕಿವಿಗೆ ಹಾಕಿಕೊಳ್ಳದಿದ್ದವಳು ನಾನು.

ವಾಪಸ್ಸು ಬಯಲಿಗೆ ಬಂದೆವು. ವಾರಗಟ್ಟಲೆ ಬೆಟ್ಟ ಹತ್ತಿಸಿದೆ, ಹುಲ್ಲಿನಲ್ಲಿ ಅಡಗಿದ ಪ್ರಾಣಿಗಳನ್ನು ಹೊಡೆಸಿದೆ. ಆ ವಾರಗಳಲ್ಲೇ ಅವರ ಮಾತು ಪೂರಾ ನಿಂತುಹೋಯಿತು. ಕಣ್ಣಿನಲ್ಲೇ ಎಡಕ್ಕೆ ಬಲಕ್ಕೆ ತೋರಿಸುತ್ತಿದ್ದರು. ಒಂದು ಸಲ ಮುಚ್ಚಿ ತೆರೆದರೆ ಹೌದು, ಎರಡು ಸಲ ಆದರೆ ಇಲ್ಲ. ಗುಡ್ಡದ ತುದಿಯಲ್ಲಿ ಹುಡುಗಿಯನ್ನು ನಿಲ್ಲಿಸಿದಾಗ ಅವರ ಮುಖ ಸಡಿಲವಾಗುತ್ತಿತ್ತು. ನಾನು ಅದನ್ನು ನೋಡಿದೆ. ನೋಡಿಯೂ ಹೆಚ್ಚು ಹೊತ್ತು ನಿಲ್ಲಿಸಲಿಲ್ಲ, ನನಗೆ ಕೋಟೆಯದೇ ಚಿಂತೆ...

ಕೊನೆಗೂ ಆ ಪ್ರಾಣಿ ಬಿತ್ತು. ಬಾಗಿಲು ತೆರೆಯಿತು. ಅಪ್ಪ ಕಲ್ಲುಕಟ್ಟೆಯ ಮೇಲೆ ಕೂತಿದ್ದ. ಹುಡುಗಿ ಏನೋ ಕೇಳಿದಳು. ಅವನು ಮಾತಾಡಿದ, ತುಂಬಾ ಹೊತ್ತು ಮಾತಾಡಿದ. ಕೆಳಗೆ ಇಂಗ್ಲಿಷು ಬರುತ್ತಲೇ ಇತ್ತು, ಹೋಗುತ್ತಲೇ ಇತ್ತು. ಹುಡುಗಿ ಅವನ ಎದೆಗೆ ಗುದ್ದಿದಳು, ಆಮೇಲೆ ಅವನ ಪಕ್ಕದಲ್ಲೇ ಕೂತಳು. ಮುಗಿಯಿತು. ನನಗೆ ಒಂದಕ್ಷರ ತಿಳಿಯಲಿಲ್ಲ.

ಮೇಷ್ಟ್ರ ಕಡೆ ತಿರುಗಿದೆ. “ಅವ್ನೇ ಬಾಗ್ಲು ತಗ್ದದ್ದಾ?”

ಒಂದು ಸಲ ಕಣ್ಣು ಮುಚ್ಚಿ ತೆರೆದರು. ಹೌದು.

“ಯಾಕ?”

ಹೌದು, ಇಲ್ಲ ಅನ್ನುವುದಕ್ಕೆ ಕಣ್ಣು ಸಾಕು. ಯಾಕೆ ಅನ್ನುವುದಕ್ಕೆ ಸಾಲದು. ಅವರು ನನ್ನನ್ನೇ ನೋಡುತ್ತಿದ್ದರು. ನಾನು ಬಿಡಲಿಲ್ಲ. ಹೆದರಿಕೊಂಡನಾ? ಎರಡು ಸಲ. ದುಡ್ಡಿಗಾ? ಎರಡು ಸಲ. ಮಗಳ ಜೀವ ಉಳಿಸೋಕಾ? ಎರಡು ಸಲ. ಮೋಸ ಹೋದನಾ? ಎರಡು ಸಲ. ಪೊಲೀಸಿನವರ ಹಾಗೆ ಒಂದರ ಮೇಲೊಂದು ಕೇಳಿದೆ. ಅವರ ಕಣ್ಣಲ್ಲಿ ನೀರು ಇಳಿಯಿತು. ಅಳುವೋ, ರೆಪ್ಪೆ ಸೋತದ್ದೋ, ನನಗೆ ಗೊತ್ತಾಗಲಿಲ್ಲ. ಕೊನೆಗೆ ಸಾಕು ಎಂಬಂತೆ ಕಣ್ಣು ಮುಚ್ಚಿಕೊಂಡುಬಿಟ್ಟರು. ಸೆರಗಿನಿಂದ ಮುಖ ಒರೆಸಿ ಟಿ.ವಿ. ಆರಿಸಿದೆ.

ಮೂರನೆಯ ದಿನ ಉಸಿರು ಹಿಡಿಯಿತು. ಮೈಸೂರಿಗೆ ಕರೆದುಕೊಂಡು ಹೋದರು. ವಾಪಸ್ಸು ತಂದದ್ದು ಮಣ್ಣು ಮಾಡುವುದಕ್ಕೆ. ಅವರ ಹೆಂಡತಿ ಆರು ತಿಂಗಳಿಗೆ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದರು. ಆಟದ ಪೆಟ್ಟಿಗೆ ಯಾರ ಪಾಲಾಯಿತೋ, ಆ ಹೊತ್ತಿನಲ್ಲಿ ಅದನ್ನು ಕೇಳುವುದು ನನಗೆ ಸರಿ ಕಾಣಲಿಲ್ಲ.

ಇದೆಲ್ಲ ಹೇಳಿದ ಮೇಲೆ ಮೊಮ್ಮಗಳು ನೋಯುವ ಕಾಲು ನೀಡಿಕೊಂಡೇ ಫೋನು ತೆಗೆದಳು. “ಆಟದ ಎಸ್ರು ಏಳಜ್ಜಿ, ಒಂದ್ ನಿಮ್ಸ. ಅಪ್ಪ ಯಾಕ ಬಾಗ್ಲು ತಗ್ದ ಅಂತ ಈಗ್ಲೇ ಏಳ್ಬುಡ್ತೀನಿ.”

ಹೆಸರು ನನಗೆ ಗೊತ್ತಿಲ್ಲ. ಮೋಟು ಕೂದಲು, ಕೋಟೆ, ಹೊಳೆ ಎಂದೆ. ಅವಳು ಇಪ್ಪತ್ತು ಚಿತ್ರ ತೋರಿಸಿದಳು. ಇಪ್ಪತ್ತರಲ್ಲೂ ಮೋಟು ಕೂದಲಿನ ಹುಡುಗಿ, ಇಪ್ಪತ್ತರಲ್ಲೂ ಬಯಲು. ಯಾವುದೂ ಅವಳಲ್ಲ. ಅಥವಾ ಯಾವುದೋ ಒಂದು ಅವಳೇ, ನನಗೆ ಗುರುತು ಹತ್ತಲಿಲ್ಲ. ಮೇಷ್ಟ್ರಿಗೆ ಮಾತು ಇದ್ದಷ್ಟು ದಿನವೂ ಆಮೇಲೆ ಏನಾಯ್ತು, ಆಮೇಲೆ ಏನಾಯ್ತು ಎಂದೇ ಕೇಳಿದೆ. ಇದರ ಹೆಸರೇನು ಎಂದು ಒಂದು ಸಲವೂ ಕೇಳಲಿಲ್ಲ.