ಬ್ರೇಕು ಹಿಡಿದರೆ ಆರುತ್ತಿದ್ದ ವ್ಯಾನು

ಚಿನ್ನೀ, ಪುಟ್ಟಾ, ಚಿಕ್ಕಜ್ಜನ ಮನೆಗೆ ನಾನು ಯಾಕೆ ಕಾಲಿಡುವುದಿಲ್ಲ ಎಂದು ಕೇಳಿದ್ದಿರಿ. ನಾಲ್ಕು ಮಂದಿಯ ಮುಂದೆ ಮಾತು ಹೊರಡದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜ ಬಿಟ್ಟುಹೋದ ಹಳೆಯ ಪೆಟ್ರೋಲ್ ವ್ಯಾನಿನಲ್ಲಿ ನನ್ನ ಮಗಳು, ನಿಮ್ಮವ್ವ, ಹತ್ತಿ ಬಿಡಿಸುವ ಹೆಂಗಸರನ್ನು ಆಸ್ಪರಿ ಕಡೆಯ ಹೊಲಗಳಿಗೆ ಮುಟ್ಟಿಸುತ್ತಾಳಲ್ಲ, ಹೋದ ವರ್ಷ ಹತ್ತಿ ಒಡೆಯುವ ಹೊತ್ತಿಗೇ ಅದಕ್ಕೊಂದು ರೋಗ ಬಂತು. ಓಡುವಾಗ ಚೆನ್ನಾಗಿಯೇ ಓಡುವುದು. ಎಮ್ಮೆ ಅಡ್ಡ ಬಂತೆಂದೋ ತಿರುವು ಬಂತೆಂದೋ ಎಕ್ಸಲೇಟರ್ ಬಿಟ್ಟು ಬ್ರೇಕು ಹಿಡಿದರೆ ಎಂಜಿನ್ ಗಕ್ಕನೆ ಆರಿಬಿಡುವುದು.

"ರೋಗ ಗಾಡಿಗಲ್ಲ, ಇಕಿ ಕಾಲಾಗೈತಿ," ಎಂದ ನಿಮ್ಮ ಚಿಕ್ಕಜ್ಜ, ನನ್ನ ಮೈದುನ, ಕಟ್ಟೆಯ ಮೇಲೆ ಹತ್ತು ಮಂದಿ ಕೂತಿರುವಾಗ. "ಹೆಣ್ಣು ಕ್ಲಚ್ ತುಳಿದ್ರ ಇಂಜಿನ್ ನಾಚಿಗೊಂತೈತಿ."

ಎಲ್ಲರೂ ನಕ್ಕರು. ಆದವಾನಿಯ ಮೇಸ್ತ್ರಿಗೆ ತೋರಿಸೋಣ, ಗಾಡಿಯಲ್ಲಿ ತಪ್ಪಿಲ್ಲವಾದರೆ ಬೀಗದ ಕೈ ತನ್ನ ಮಗನಿಗೆ ಕೊಡಬೇಕು ಎಂದ. ನಿಮ್ಮವ್ವ ಸಿಟ್ಟಿನಲ್ಲಿ "ಆತು" ಅಂದುಬಿಟ್ಟಳು.

ನಾವು ಮೂವರೂ ಅವನ ಶೆಡ್ಡಿಗೆ ಹೋದೆವು. ಮೇಸ್ತ್ರಿ ಪ್ಲಗ್ ಒರೆಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ. ನಿಮ್ಮವ್ವ ಶೆಡ್ಡಿನ ಸುತ್ತ ಒಂದು ಸುತ್ತು ಹೊಡೆದಳು. ತಿರುವಿನಲ್ಲಿ ಮತ್ತೆ ಆರಿತು.

"ಎಲ್ಲಾ ಸಾಫ್ ಐತಿ ಜೀ," ಎಂದು ಮೇಸ್ತ್ರಿ ಕೈ ಒರೆಸಿಕೊಂಡ.

"ಕೇಳಿದ್ಯವ್ವಾ? ಕೊಡು ಬೀಗದ ಕೈ," ಎಂದು ಮೈದುನ ಕೈ ಚಾಚಿದ.

ನಿಮ್ಮವ್ವ ಕೊಡಲಿಲ್ಲ. ಮತ್ತೆ ಸ್ಟಾರ್ಟ್ ಮಾಡಿ ಎಕ್ಸಲೇಟರ್ ಒತ್ತಿ ಹಿಡಿದು ಕೂತಳು, ಕಣ್ಣಲ್ಲಿ ನೀರು. ತೆರೆದ ಬಾನೆಟ್ಟಿನೊಳಗಿಂದ ನನಗೊಂದು ಸದ್ದು ಕೇಳಿಸುತ್ತಿತ್ತು. ರಬ್ಬರು ಸವೆದ ಕುಕ್ಕರು ಬದಿಯಿಂದ ಉಸಿರು ಬಿಡುವಂಥ ಸುಯ್ ಸದ್ದು. ಬಗ್ಗಿ ನೋಡಿದೆ. ಎಂಜಿನ್ನಿನಿಂದ ಬ್ರೇಕಿಗೆ ಬಲ ಕೊಡುವ ಡಬ್ಬಿಗೆ ಹೋಗುವ ಪೈಪಿಗೆ ಬಟ್ಟೆ ಸುತ್ತಿತ್ತು.

"ಅತ್ತಿಗಿ, ಗಂಡನ್ನ ನುಂಗಿದ ಕೈ ಗಾಡಿಗೆ ಹಚ್ಚಬ್ಯಾಡ," ಎಂದ ಮೈದುನ.

ಹಚ್ಚಿದೆ. ಬಟ್ಟೆ ಬಿಚ್ಚಿದರೆ ಒಳಗೆ ಹತ್ತಿ! ನಮ್ಮ ಕಡೆಯ ಚಾಳಿ ಇದು: ನಲ್ಲಿ ಸೋರಲಿ, ಟ್ಯಾಂಕಿ ಸೋರಲಿ, ಹತ್ತಿ ತುರುಕಿ ಬಿಗಿಯುವುದು. ನೀರಾದರೆ ನಿಂತೀತು, ಗಾಳಿ ನಿಲ್ಲುತ್ತದೆಯೇ? ಬಿರುಕಿನ ಮೇಲೆ ಹೆಬ್ಬೆರಳು ಒತ್ತಿ, ಕಾಲು ತೆಗೆ ಎಂದು ನಿಮ್ಮವ್ವನಿಗೆ ಸನ್ನೆ ಮಾಡಿದೆ. ತೆಗೆದಳು. ಎಂಜಿನ್ ಸಮವಾಗಿ ಓಡುತ್ತಲೇ ಇತ್ತು. ಬೆರಳು ಎತ್ತಿದೆ, ಆರಿತು.

"ಅರೇ! ಇಲ್ಲಿಂದ ಗಾಳಿ ಕುಡೀತೈತಿ ಅಮ್ಮಾ," ಎಂದ ಮೇಸ್ತ್ರಿ. "ಎಕ್ಸಲೇಟರ್ ಒತ್ತಿದ್ರ ತಡಕೊಂತೈತಿ, ಬಿಟ್ರ ಸಾಯ್ತೈತಿ. ಯಾವ ಬೇವಕೂಫ್ ಹತ್ತಿ ತುರುಕ್ಯಾನ?"

ಬಟ್ಟೆ ಮೈದುನನ ಕೆಂಪು ಚೌಕಳಿಯ ಟವೆಲಿನ ಚೂರು. ಬೇಸಿಗೆಯಲ್ಲಿ ಮದ್ದಿಕೇರ ಊರಿಗೆಂದು ಗಾಡಿ ಒಯ್ದವನೂ ಅವನೇ; ಆಮೇಲೆ ಹತ್ತಿ ಒಡೆಯುವವರೆಗೆ ಅದನ್ನು ನಾವು ಹೊರಗೆ ತೆಗೆದಿರಲಿಲ್ಲ. ದಾರಿಯಲ್ಲಿ ಪೈಪು ಹರಿದಿದೆ, ಹತ್ತಿ ತುರುಕಿ ತಂದು ನಿಲ್ಲಿಸಿ ಸುಮ್ಮನಾಗಿದ್ದಾನೆ.

"ಇಂಜಿನ್ ನಾಚಿಗೊಂಡಿಲ್ಲ ಕಾಕಾ," ಎಂದಳು ನಿಮ್ಮವ್ವ. "ನೀನಾರ ನಾಚಿಗೋ."

ಹೊಸ ಪೈಪು ಬಿತ್ತು, ರೋಗ ಹೋಯಿತು.

ಆದರೆ ಮರುವಾರವೇ ನೆಂಟರ ಮನೆಯ ತೊಟ್ಟಿಲ ಶಾಸ್ತ್ರದಲ್ಲಿ ಅವನು ಎಲ್ಲರಿಗೂ ಹೇಳುತ್ತಿದ್ದ: "ಆ ಹೆಂಗಸರಿಗೇನ್ ತಿಳಿತೈತಿ, ನಾನೇ ಪೈಪು ಹುಡುಕಿ ಹಾಕಿಸಿದೆ." ನಾನು ಅಲ್ಲೇ ಕೂತಿದ್ದೆ, ಬಾಯಿ ಬರಲಿಲ್ಲ. ಆ ದಿನದಿಂದ ಅವನ ಮನೆಯ ನೀರೂ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಅವನ ಮೊಮ್ಮಕ್ಕಳು ಅವನ ಕತೆಯನ್ನೇ ನಂಬಿ ಬೆಳೆಯುತ್ತಿದ್ದಾರೆ. ನಾನು ಹೋದ ಮೇಲೆ ನಿಮಗೂ ಅದನ್ನೇ ಹೇಳುತ್ತಾನೆ. ಈ ಹಾಳೆಗಳನ್ನು ಅವನ ಕೈಗೆ ಸಿಗದಂತೆ ನಿಮ್ಮವ್ವನ ಟ್ರಂಕಿನಲ್ಲಿ, ಆಕೆಯ ಲೈಸೆನ್ಸಿನ ಜೊತೆ ಇಡಿ. ಇಲಿ ಕಡಿಯದಂತೆ ನೋಡಿಕೊಳ್ಳಿ.