ಡಾಕ್ಟರು ಕೇಳಿದ್ದು, ನಾನು ಹೇಳಿದ್ದು

ಒಂದೇ ಸುಳ್ಳನ್ನು ನಾನು ಎರಡು ಭಾಷೆಯಲ್ಲಿ ಹೇಳಿದೆ. ಡಾಕ್ಟರಿಗೆ ಇಂಗ್ಲಿಷಿನಲ್ಲಿ, ಜಯಮ್ಮನವರಿಗೆ ಕನ್ನಡದಲ್ಲಿ. ಇಬ್ಬರೂ ನನ್ನನ್ನು ನಂಬಿದರು ಎಂದು ಬರೆಯಹೊರಟಿದ್ದೆ — ಅದೂ ನಿಜವಲ್ಲ. ಜಯಮ್ಮನವರು ನಂಬಿರಲಿಲ್ಲ.

ಆಗ ನಾನು ಚನ್ನಪಟ್ಟಣದ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್. ವರ್ಷಕ್ಕೊಮ್ಮೆ ಹೊರದೇಶದ ಡಾಕ್ಟರುಗಳ ತಂಡ ಬಂದು, ಆರು ದಿನ ಉಚಿತವಾಗಿ ಆಪರೇಷನ್ ಮಾಡಿ ಹೋಗುತ್ತಿತ್ತು. ಸೀಳುತುಟಿ, ಸುಟ್ಟು ಮುದುಡಿದ ಕೈಕಾಲು — ಇಂಥವು. ಅವರ ಮಾತನ್ನು ರೋಗಿಗಳಿಗೆ ತಿಳಿಸುವವಳು ನಾನು.

ಜಯಮ್ಮ ವಿರೂಪಾಕ್ಷಿಪುರದ ಕಡೆಯವರು. ಎರಡು ಹಸು ಕಟ್ಟಿದ್ದರು. ಚಿಕ್ಕಂದಿನಲ್ಲಿ ಒಲೆಗೆ ಕೈ ಹಾಕಿ, ಬಲಗೈಯ ಕೊನೆಯ ಎರಡು ಬೆರಳು ಅಂಗೈಗೆ ಅಂಟಿಕೊಂಡಿದ್ದವು. ಮಿಕ್ಕ ಬೆರಳುಗಳಲ್ಲೇ ಹಾಲು ಕರೆಯುತ್ತಿದ್ದರು, ಹುಲ್ಲು ಕೊಯ್ಯುತ್ತಿದ್ದರು. ಅವರನ್ನು ಶಿಬಿರಕ್ಕೆ ಕರೆತಂದವಳೂ ನಾನೇ — ರೋಗಿಗಳ ಹೆಸರಿನ ಪಟ್ಟಿ ತುಂಬಬೇಕಿತ್ತು.

ತಂಡದ ಡಾಕ್ಟರಮ್ಮ ಆ ಕೈಯನ್ನು ಬಹಳ ಹೊತ್ತು ನೋಡಿದರು. ಬೆರಳು ಬಿಡಿಸುವುದು ಕಷ್ಟವಲ್ಲ, ಆದರೆ ಆಮೇಲೆ ಆರು ತಿಂಗಳು ಬೆರಳುಗಳಿಗೆ ವ್ಯಾಯಾಮ ಮಾಡಿಸಬೇಕು, ಅದು ಬಲ್ಲವರು ಇಲ್ಲಿದ್ದಾರೆಯೇ, ಇಲ್ಲದಿದ್ದರೆ ನಾನು ಈ ಕೈ ಮುಟ್ಟುವುದಿಲ್ಲ ಎಂದರು. ಅಂಥವರು ಯಾರೂ ಇರಲಿಲ್ಲ.

ಇದ್ದಾರೆ ಎಂದೆ.

"ಏನಂತೆ ಸಿಸ್ಟರ್?" ಜಯಮ್ಮ ಕೇಳಿದರು.

"ಎಲ್ಲಾ ವ್ಯವಸ್ಥೆ ಇದೆಯಂತೆ. ಹೆದರಬೇಡಿ ಅಂದ್ರು."

"ಆಯಮ್ಮ ಅಷ್ಟೊತ್ತು ಮಾತಾಡುದ್ರು, ನೀವು ಇಷ್ಟೇ ಹೇಳ್ತೀರಲ್ಲ." ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಇವ್ರು ಹೋದ್‌ಮ್ಯಾಕೆ ನನ್ ಕೈ ನೋಡೋರ್ ಯಾರು?"

"ನಾನಿದ್ದೀನಲ್ಲ."

ಮೊದಲ ದಿನವೇ ಆಪರೇಷನ್ ಆಯಿತು. ಶಿಬಿರದ ಐದನೆಯ ದಿನ ಪಟ್ಟಿ ಬಿಚ್ಚಿದಾಗ ಬೆರಳು ನೆಟ್ಟಗಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೊ ತೆಗೆದರು. ಆರನೆಯ ದಿನ ತಂಡ ಹೊರಟುಹೋಯಿತು. ವಾರ ಕಳೆಯುವಷ್ಟರಲ್ಲಿ, ಬೆರಳಿಗೆ ಕಸಿ ಮಾಡಿದ್ದ ಹೊಸ ಚರ್ಮ ಕೀವು ಕಟ್ಟಿತು. ಕೈ ಊದಿತು, ಆಮೇಲೆ ಬಿಗಿಯಿತು — ಎರಡಲ್ಲ, ಐದೂ ಬೆರಳು. ನಾಲ್ಕು ಸಲ ಅವರು ಬಸ್ಸಿನಲ್ಲಿ ಬಂದರು. ನಾನು ಪಟ್ಟಿ ಬದಲಿಸಿ, ನಿಧಾನಕ್ಕೆ ಸರಿಹೋಗುತ್ತೆ ಎಂದು ಕಳಿಸಿದೆ. ಐದನೆಯ ಸಲ ಕಿಟಕಿಯಿಂದ ಅವರನ್ನು ಕಂಡು, ಸಿಸ್ಟರ್ ರಜ ಎಂದು ಆಯಾಳ ಕೈಲಿ ಹೇಳಿಸಿದೆ. ಬಸ್ಸಿನ ಹೊತ್ತಿನವರೆಗೂ ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾನು ಒಳಗಿದ್ದದ್ದು ಅವರಿಗೆ ತಿಳಿದಿತ್ತೇ — ನನ್ನ ಚಪ್ಪಲಿ ಬಾಗಿಲಲ್ಲೇ ಇತ್ತು.

ಮತ್ತೆ ಬರಲಿಲ್ಲ.

ಕೈ ಹೇಗಿದೆ ಎಂದು ತಂಡದವರು ಮೇಲ್‌ನಲ್ಲಿ ಕೇಳಿದಾಗ ಐದನೆಯ ದಿನದ ಫೋಟೊವನ್ನೇ ಕಳಿಸಿದೆ. ಮರುವರ್ಷ ಅದೇ ಫೋಟೊ ಶಿಬಿರದ ಬ್ಯಾನರ್ ಮೇಲಿತ್ತು. ಅದನ್ನು ನೋಡಿ ಜನ ಬಂದರು. ಅಂದಿನಿಂದ ಇಂಥ ಯಾವ ಫೋಟೊ ಕಂಡರೂ ನನಗೆ ಗುಮಾನಿ — ಇದನ್ನು ತೆಗೆದದ್ದು ಎಷ್ಟನೆಯ ದಿನ? ಕಳಿಸಿದವರು ನನ್ನಂಥವರೇ?

ಕೆಲಸ ಬಿಟ್ಟು ಎರಡು ವರ್ಷವಾಗಿದೆ. ಹೋದ ತಿಂಗಳು ಅದೇ ತಂಡ, ಮತ್ತೆ ಬರುತ್ತಿದ್ದೇವೆ, ಮಾತು ತಿಳಿಸಲು ಬರುತ್ತೀರಾ ಎಂದು ಬರೆಯಿತು. ನಾನು ಉತ್ತರವನ್ನು ಬರೆದುಕೊಂಡು ಜಯಮ್ಮನವರ ಮನೆಗೆ ಹೋದೆ. ಕೊಟ್ಟಿಗೆ ಖಾಲಿ. "ಎಡಗೈಲಿ ಎಷ್ಟ್ ಕರೆಯಾದು," ಎಂದರು, ಅಷ್ಟೆ. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಈಗಿನ ಕೈಯ ಫೋಟೊ ಕಳಿಸಬೇಕು ಎಂದು ಕೇಳಿದೆ.

"ಈಗ ಇನ್ನೇನ್ ಬರ್ದು ಕಳುಸ್ತೀರಿ?"

ಕಾಲೇಜು ಓದುವ ಮಗಳನ್ನು ಕರೆದು ನನ್ನ ಪತ್ರವನ್ನು ಕನ್ನಡದಲ್ಲಿ ಹೇಳಿಸಿಕೊಂಡರು. ಒಂದು ಸಾಲನ್ನು ಎರಡು ಸಲ. ಆಮೇಲೆ ಕೈಯನ್ನು ಮಂಚದ ಅಂಚಿಗೆ ಇಟ್ಟರು. "ಮಕ ಬ್ಯಾಡ. ಕೈ ಒಂದೇ ತಗಳಿ."

ಕೈಯಷ್ಟೇ ಬರುವಂತೆ ಫೋಟೊ ತೆಗೆದೆ.

ಪತ್ರ ಹೋಗಿದೆ. ಆರು ತಿಂಗಳು ಇಲ್ಲೇ ಉಳಿದು ನೋಡಿಕೊಳ್ಳುವವರನ್ನು ಕಣ್ಣಾರೆ ಕಾಣದೆ ಕತ್ತರಿ ಹಿಡಿಯಬೇಡಿ, ಯಾರೋ ಒಬ್ಬರ ಮಾತು ನಂಬಬೇಡಿ — ನನ್ನದನ್ನೂ — ಎಂದು ಬರೆದಿದ್ದೇನೆ. ಶಿಬಿರ ನಿಂತರೆ ಕಾದಿರುವವರು ನನ್ನನ್ನು ಶಪಿಸಬಹುದು.

ಅಂದು ಜಯಮ್ಮನವರ ಮನೆಯಿಂದ ಹೊರಡುವಾಗ ಅವರ ಮಗಳು ಕೇಳಿದಳು: "ಅಮ್ಮನ್ ತರ ಇನ್ನೆಷ್ಟ್ ಜನ ಅವ್ರೆ ಆಂಟಿ?"

ಗೊತ್ತಿಲ್ಲ ಎಂದೆ. ತಿಳಿದುಕೊಳ್ಳದೆ ಉಳಿದವಳು ನಾನೇ. ಶಿಬಿರದಲ್ಲಿ ಆಪರೇಷನ್ ಆದವರಲ್ಲಿ ನೆನಪಿರುವ ಹೆಸರುಗಳನ್ನು ಬರೆದುಕೊಂಡಿದ್ದೇನೆ. ಸೋಮವಾರ ಸೋಲೂರಿಗೆ ಹೋಗುತ್ತೇನೆ. ಅಲ್ಲಿಯ ಒಬ್ಬರ ಕಾಲು ಏನಾಯಿತೋ ನೋಡಬೇಕು.